ವಾಪಸ್ ಹೋದ ಸ್ಕ್ಯಾನರ್

ಅಪೂರ್ವಾ,

ನಿನ್ನ ಮಿಷನ್ನನ್ನು ಇವತ್ತು ವಾಪಸ್ ಕಳಿಸಿದೆ. ಈ ಪತ್ರವನ್ನು ನಿನಗೆ ಕಳಿಸುವುದಿಲ್ಲ, ಆದರೂ ಯಾರಿಗಾದರೂ ಹೇಳಬೇಕಲ್ಲ.

ಕೊಪ್ಪದಲ್ಲಿ ಇಬ್ಬರೂ ಸೇರಿ ಹಲ್ಲಿನ ಕ್ಯಾಪ್ ಮಾಡಿಕೊಡುವ ಲ್ಯಾಬ್ ತೆರೆದೆವು. ಬಿಟ್ಟು ಹೋಗುವಾಗ ನೀನು ಸುಮ್ಮನೆ ಹೋಗಲಿಲ್ಲ. ಶೃಂಗೇರಿ, ಎನ್.ಆರ್. ಪುರದ ಹಲ್ಲಿನ ಡಾಕ್ಟರುಗಳಿಗೆಲ್ಲ ನನ್ನ ಬಗ್ಗೆ, ರಮ್ಯಳ ಕೆಲಸ ಒರಟು ಅಂತ ಹೇಳಿ ಹೋದೆ. ಈಗ ಸ್ಕ್ಯಾನರ್ ಕಂಪನಿಯಲ್ಲಿ ದೊಡ್ಡ ಮೇಡಂ ಆಗಿದ್ದೀಯ.

ಹಲ್ಲಿನ ಅಚ್ಚನ್ನು ಕಂಪ್ಯೂಟರಿಗೆ ಇಳಿಸಲು ನನಗೊಂದು ಸ್ಕ್ಯಾನರ್ ಬೇಕಿತ್ತು. ಒಂದೇ ಪ್ಲಾಸ್ಟರ್ ಅಚ್ಚನ್ನು ನಿಮ್ಮದೂ ಸೇರಿ ಎರಡು ಕಂಪನಿಯವರಿಂದ ಸ್ಕ್ಯಾನ್ ಮಾಡಿಸಿ, ಎರಡರಿಂದಲೂ ಹಲ್ಲಿನ ಕ್ಯಾಪ್ ಮಾಡಿಸಿ ನೋಡಿದೆ. ಬೇರೆಯವರ ಕ್ಯಾಪ್ ಅಂಚಿನಲ್ಲಿ ಸ್ವಲ್ಪ ಎದ್ದು ನಿಂತಿತು. ನಿಮ್ಮದು ಅಂಚು ಉಗುರಿಗೂ ಸಿಗದ ಹಾಗೆ ಕೂತಿತು.

ನಿಮ್ಮ ಸೇಲ್ಸಿನ ನಿತೀಶ್ ಹಿಗ್ಗಿ ಹೋದ. "ಅಪೂರ್ವಾ ಮೇಡಮ್ಮೇ ನಿಮ್ಮ ಹೆಸರು ಹೇಳಿದ್ದು ಅಕ್ಕಾ. ನಿಮ್ಮಷ್ಟು ಚೆಂದ ಕೆಲಸ ಮಾಡೋರು ಈ ಕಡೆ ಯಾರೂ ಇಲ್ಲ ಅಂದ್ರು."

ನನಗೆ ಮೈಯೆಲ್ಲ ಉರಿಯಿತು. ಆ ಮಾತನ್ನು ಆವತ್ತು ಡಾಕ್ಟರುಗಳ ಹತ್ತಿರ ಹೇಳಬೇಕಿತ್ತು ನೀನು.

"ಮಿಷನ್ ತಗೊಂಡು ಹೋಗು ಮಾರಾಯ. ನಾನು ಆ ಇನ್ನೊಂದು ಕಂಪನಿಯವರದ್ದೇ ತಗೊಳ್ತೀನಿ."

"ಎಂತಕ್ಕೆ ಅಕ್ಕಾ? ನಮ್ಮದೇ ಸರಿಯಾಗಿ ಕೂತಿದೆಯಲ್ಲ!"

"ಮಿಷನ್ ಚೆನ್ನಾಗೇ ಇದೆ. ಕಳಿಸಿದವಳು ಸರಿ ಇಲ್ಲ. ಹೀಗೇ ಹೇಳು ನಿಮ್ಮ ಮೇಡಂಗೆ."

ಅವನ ಮುಖ ಸಣ್ಣದಾಯಿತು. ನಿನ್ನ ಮುಖವೂ ಹಾಗೇ ಆಗುವುದನ್ನು ನೆನೆದು ನನಗೆ ಎಷ್ಟು ಹಿತವಾಯಿತು ಗೊತ್ತಾ! ಊಟ ಕೂಡ ಚೆನ್ನಾಗಿ ಸೇರಿತು.

ಇಷ್ಟು ಹೊತ್ತಿಗೆ ಅವನು ನಿನಗೆ ಹೇಳಿಯೇ ಇರುತ್ತಾನೆ. ಮಧ್ಯಾಹ್ನದಿಂದ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದೇನೆ. ಬೈಯುವುದಕ್ಕಾದರೂ ನೀನು ಒಂದು ಸಲ ಮಾಡಬಹುದಿತ್ತು.