ಎಳೆಗಾರ್ತಿ ತಂದ ಬುತ್ತಿ

ಗದಗ-ಬೆಟಗೇರಿ
೩೦ ಫೆಬ್ರವರಿ ೨೧೭೪

ಹೆಸರು ತಿಳಿಯದ ತಾಯಿಯವರಿಗೆ, ಶಿವಯೋಗಿ ಹೊಂಬಳ ಮಾಡುವ ಶರಣು.

ಮೇಲಿನ ತಾರೀಖು ನೋಡಿ ನೀವು ನಕ್ಕಿರಬಹುದು. ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಫೆಬ್ರವರಿಗೆ ಮೂವತ್ತನೇ ದಿನವಿಲ್ಲ. ನಮ್ಮ ಅಜ್ಜಂದಿರ ಕಾಲದಲ್ಲಿ ತಿಂಗಳುಗಳನ್ನು ಸಮ ಮಾಡಲು ಹೊರಟವರು ದೊಡ್ಡ ತಿಂಗಳುಗಳಿಂದ ದಿನ ಕಿತ್ತು ಈ ಬಡ ತಿಂಗಳಿಗೆ ಕೊಟ್ಟರು. ಹೊಸದಾಗಿ ಹುಟ್ಟಿದ ಈ ದಿನಕ್ಕೆ ಹಬ್ಬವೂ ಇರಲಿಲ್ಲ, ಪುಣ್ಯತಿಥಿಯೂ ಇರಲಿಲ್ಲ. ಹಾಗಾಗಿ ಹಿಂದಿನವರಿಗೆ ಪತ್ರ ಬರೆಯುವ ದಿನವೆಂದು ಅದನ್ನು ಬಿಟ್ಟುಕೊಟ್ಟೆವು. ಹೆಚ್ಚಿನವರು ಬರೆಯುವುದು ಬೈಗುಳವನ್ನೇ. ನಾನೂ ವರ್ಷ ವರ್ಷ ಬೈದೇ ಬರೆದಿದ್ದೇನೆ. ನೀವು ಮುಚ್ಚಿದ ಕೆರೆಗಳಿಗಾಗಿ, ಕಡಿದ ಸಾಲುಮರಗಳಿಗಾಗಿ, ಮಧ್ಯಾಹ್ನ ಹೊಸ್ತಿಲು ದಾಟಲಾಗದಂತೆ ನಮಗೆ ಬಿಟ್ಟುಹೋದ ಬಿಸಿಲಿಗಾಗಿ ಬೈದಿದ್ದೇನೆ. ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಆದರೆ ಈ ವರ್ಷ ನಿಮ್ಮ ಕಾಲದ ಒಬ್ಬರ ಉಪಕಾರ ನೆನೆಯಬೇಕಾಗಿದೆ. ನಡುವೆ ನಿಮಗೆ ಪರಿಚಯವಿಲ್ಲದ ಮಾತುಗಳು ಬಂದರೆ ಮನ್ನಿಸಿ. ನೂರೈವತ್ತು ವರ್ಷಗಳಲ್ಲಿ ನಾಲಿಗೆ ಅಷ್ಟೇನೂ ಬದಲಾಗಿಲ್ಲ, ಹೆಸರಿಡಬೇಕಾದ ವಸ್ತುಗಳು ಬದಲಾಗಿವೆ.

ನಿಮ್ಮ ಕಾಲದ ಆಸ್ಪತ್ರೆಗಳ ಬಗ್ಗೆ ನಾನು ಸಾಕಷ್ಟು ಓದಿದ್ದೇನೆ. ಕಾಯಿಲೆಯವರು ತಮ್ಮ ಕಾಗದಗಳನ್ನೆಲ್ಲ ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಓಡಾಡುತ್ತಿದ್ದರಂತೆ. ಹೃದಯದ ಡಾಕ್ಟರು ಬರೆದದ್ದು ಮೂತ್ರಪಿಂಡದ ಡಾಕ್ಟರಿಗೆ ಗೊತ್ತಿರುತ್ತಿರಲಿಲ್ಲ. ಒಂದೇ ಔಷಧವನ್ನು ಇಬ್ಬರು ಬೇರೆ ಬೇರೆ ಹೆಸರಿನಲ್ಲಿ ಬರೆದುಕೊಟ್ಟು, ಪಾಪದ ಮನುಷ್ಯ ಎರಡನ್ನೂ ಭಕ್ತಿಯಿಂದ ನುಂಗುತ್ತಿದ್ದನಂತೆ. ಅವನು ಏನಾದರೂ ಕೇಳಿದರೆ 'ಅದನ್ನ ಆ ಡಾಕ್ಟರನ್ನೇ ಕೇಳ್ರಿ' ಎಂಬ ಉತ್ತರ. ಎಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು ಡಿಸ್ಚಾರ್ಜ್ ಎಂಬ ಪದ್ಧತಿ. ಎದ್ದು ನಿಲ್ಲಲಾರದವರ ಕೈಗೆ ಹಾಳೆ ತುರುಕಿ, ಮನೆಯಲ್ಲಿ ಮೆಟ್ಟಿಲಿದೆಯೇ, ಅನ್ನ ಬೇಯಿಸುವವರಿದ್ದಾರೆಯೇ ಎಂದು ಒಂದು ಮಾತೂ ಕೇಳದೆ ಬಾಗಿಲ ಹೊರಗೆ ಬಿಡುತ್ತಿದ್ದಿರಿ. ಅಷ್ಟು ದೊಡ್ಡ ಯಂತ್ರಗಳನ್ನು ಕಟ್ಟಿದ ಜನಕ್ಕೆ ಇಷ್ಟು ಸಣ್ಣ ಪ್ರಶ್ನೆ ಹೊಳೆಯಲಿಲ್ಲವಲ್ಲ ಎಂದು ನಾನು ಪುಸ್ತಕ ಮುಚ್ಚಿಟ್ಟದ್ದುಂಟು.

ಆದರೆ ಯಾರಿಗೋ ಹೊಳೆದಿತ್ತು. ಆ ಆಸ್ಪತ್ರೆಗಳ ಪಡಸಾಲೆಯಲ್ಲೇ ನಿಮ್ಮಂಥವರು ಕೆಲಸ ಶುರುಮಾಡಿದ್ದಿರಿ. ನಿಮ್ಮನ್ನು ಕೇಸ್ ಮ್ಯಾನೇಜರ್ ಎನ್ನುತ್ತಿದ್ದರಂತೆ. ಒಬ್ಬ ರೋಗಿಯನ್ನು ಹಿಡಿದರೆ ದಾಖಲಾದ ದಿನದಿಂದ ಮನೆಗೆ ಹೋಗಿ ಚೇತರಿಸಿಕೊಳ್ಳುವವರೆಗೆ ಅವರ ಕೈ ಬಿಡದಿರುವುದು, ನಾಲ್ಕು ಡಾಕ್ಟರುಗಳ ಮಾತನ್ನು ಒಂದು ಮಾಡುವುದು, ಮನೆಯವರಿಗೆ ತಿಳಿಯುವಂತೆ ಹೇಳುವುದು ನಿಮ್ಮ ಕೆಲಸ. ಊಟಕ್ಕೆ ಬಿಡುವಿಲ್ಲದೆ ನಿಮ್ಮಲ್ಲೊಬ್ಬರು ಡಬ್ಬಿಯನ್ನು ರೋಗಿಯ ಮಂಚದ ಪಕ್ಕದಲ್ಲೇ ಬಿಚ್ಚುತ್ತಿದ್ದರಂತೆ, ಕೂಡಿ ಉಣ್ಣುವಾಗ ರೋಗಿಯ ಬಾಯಿಂದ ತಾನಾಗಿ ಬಂದ ಮಾತಿನಲ್ಲಿ ಕಾಯಿಲೆಯ ಅರ್ಧ ಕಾರಣ ಸಿಗುತ್ತಿತ್ತಂತೆ. ನಮ್ಮ ಕಡೆ ಬಾಯಿಂದ ಬಾಯಿಗೆ ಬಂದ ಮಾತಿದು. ಆಸ್ಪತ್ರೆ ಕಟ್ಟಿಸಿದವರ ಹೆಸರು ಕಲ್ಲಿನ ಮೇಲಿದೆ, ರಿಬ್ಬನ್ ಕತ್ತರಿಸಿದವರ ಹೆಸರೂ ಇದೆ. ಡಬ್ಬಿ ಬಿಚ್ಚಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಅದಕ್ಕೇ ನಿಮ್ಮನ್ನು ಬರಿದೇ ತಾಯಿ ಎಂದು ಕರೆದಿದ್ದೇನೆ.

ನಮ್ಮಲ್ಲಿ ಆ ಕೆಲಸದವರನ್ನು ಎಳೆಗಾರ್ತಿ, ಎಳೆಗಾರ ಎನ್ನುತ್ತೇವೆ. ಬೆಟಗೇರಿ ನೇಕಾರರ ಊರಾದ್ದರಿಂದ ಹುಟ್ಟಿದ ಮಾತು. ಮಗ್ಗದ ಮೇಲೆ ಎಳೆ ಹರಿಯದಂತೆ ನೋಡಿಕೊಳ್ಳುವ ಹಾಗೆ ಒಬ್ಬ ಮನುಷ್ಯನ ಆರೈಕೆ ನಡುವೆ ಹರಿಯದಂತೆ ನೋಡಿಕೊಳ್ಳುವವರು. ಡಾಕ್ಟರುಗಳು ವಾರಕ್ಕೊಮ್ಮೆ ಒಂದೇ ಕೋಣೆಯಲ್ಲಿ ಕೂಡುತ್ತಾರೆ, ಅದಕ್ಕೆ ಕೂಟ ಎನ್ನುತ್ತೇವೆ. ರೋಗಿಯೂ ಅಲ್ಲಿರುತ್ತಾರೆ, ಮೊದಲ ಮಾತು ಎಳೆಗಾರ್ತಿಯದು. ಡಿಸ್ಚಾರ್ಜ್ ಎಂಬ ಮಾತೇ ಈಗಿಲ್ಲ. ಮದುವೆಯಾದ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವುದಿಲ್ಲವೇ, ಹಾಗೆ ಗುಣವಾದವರನ್ನು ಎಳೆಗಾರ್ತಿ ಜೊತೆಯಲ್ಲಿ ಬಂದು ಮನೆ ತುಂಬಿಸುತ್ತಾಳೆ. ಬಚ್ಚಲಿನಲ್ಲಿ ಕಾಲು ಜಾರುತ್ತದೆಯೇ, ಗುಳಿಗೆಯ ಡಬ್ಬಿ ಕೈಗೆಟುಕುತ್ತದೆಯೇ, ತಂಪುಸೂರು, ಅಂದರೆ ಮನೆಯನ್ನು ತಣ್ಣಗಿಡುವ ಮಾಡು, ಸರಿಯಾಗಿದೆಯೇ ಎಂದು ನೋಡಿಯೇ ಆಕೆ ಹೋಗುವುದು. ಇದನ್ನೆಲ್ಲ ಹೇಳುವಾಗ ನನ್ನ ಎದೆ ಉಬ್ಬುತ್ತದೆ. ಆದರೆ ಉಬ್ಬಿದ ಎದೆಗೆ ಗುದ್ದು ಬೀಳುವುದೂ ಬೇಗ.

ನನ್ನ ಅಕ್ಕ ದಾನವ್ವ ಎದುರು ಮನೆಯಲ್ಲಿದ್ದಾಳೆ. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ರಿಪೇರಿ ಮಾಡುವ ಕೆಲಸದಲ್ಲಿ ಆಯುಷ್ಯ ಕಳೆದವಳು. ಹಗ್ಗ ಕಟ್ಟಿಕೊಂಡು ಮೋಡದ ಮಟ್ಟಕ್ಕೆ ಹತ್ತಿ, ರೆಕ್ಕೆಯ ಬುಡದಲ್ಲಿ ಕೂತು ಗ್ರೀಸ್ ಹಾಕಿ ಇಳಿಯುತ್ತಿದ್ದಳು. ಈಗ ಎದೆ ದುರ್ಬಲ, ಮೂತ್ರಪಿಂಡ ಅರ್ಧ, ಸಕ್ಕರೆ ಕಾಯಿಲೆ ಪೂರ್ತಿ. ಕಳೆದ ಮಳೆಗಾಲದಲ್ಲಿ ಆಸ್ಪತ್ರೆ ಸೇರಿ ಗುಣವಾದಾಗ ಅವಳಿಗಿದ್ದ ಆಸೆ ಒಂದೇ, ತನ್ನ ಮನೆಗೆ ಹೋಗುವುದು. ಒಬ್ಬರೇ ಇರಲಾರದವರನ್ನು ನಮ್ಮಲ್ಲಿ ನೆರಳುಗೋಪುರಕ್ಕೆ ಕಳಿಸುತ್ತಾರೆ. ಅಲ್ಲಿ ತಂಪಿದೆ, ಊಟವಿದೆ, ದಾದಿಯರಿದ್ದಾರೆ, ಹೋದವರು ಮರಳಿ ಬಂದದ್ದನ್ನು ಮಾತ್ರ ನಾನು ಕಂಡಿಲ್ಲ. ಆ ಮಾತು ಎತ್ತಿದ ಡಾಕ್ಟರಿಗೆ ಅಕ್ಕ ಹೇಳಿದ್ದು ಆಸ್ಪತ್ರೆಗೆಲ್ಲ ಗೊತ್ತಾಯಿತು: "ಜೀವಮಾನ ಎಲ್ಲಾ ಗೋಪುರ ಹತ್ತಿ ಹತ್ತಿ ಇಳದೀನ್ರಿ. ಈಗ ಇಳಿಯಾಕ ಬಿಡದ ಗೋಪುರಕ್ಕ ಹತ್ತಸ್ತೀರೇನು?"

ಅವಳ ಎಳೆಗಾರ್ತಿ ಹಸೀನಾ ನದಾಫ್ ಎಂಬ ಹುಡುಗಿ. ಓದಿ ಬಂದವಳು, ನಗುಮುಖದವಳು. ಔಷಧಗಳನ್ನು ಗೊತ್ತುಮಾಡುವ ಮೊದಲು ಎಳೆಗಾರ್ತಿ ರೋಗಿಯ ಮನೆಯಲ್ಲಿ ಒಂದು ಊಟ ಮಾಡಬೇಕೆಂಬ ನಿಯಮ ನಮ್ಮಲ್ಲಿದೆ. ಜನ ಏನು ಉಣ್ಣುತ್ತಾರೆಂದು ಕೇಳಿದರೆ ತಿಳಿಯುವುದಿಲ್ಲ, ಕೂಡಿ ಉಂಡರೆ ತಿಳಿಯುತ್ತದೆ ಎಂದು ನಿಮ್ಮವರಿಂದ ಕಲಿತ ಪಾಠ ಅದು. ಮೊದಲೆಲ್ಲ ಅವರು ಬುತ್ತಿ ಕಟ್ಟಿಕೊಂಡು, ಯಾವ ದಿನವೆಂದು ಹೇಳದೆ ಬರುತ್ತಿದ್ದರು. ಆಮೇಲೆ ನಗರಸಭೆಯ ಸುಧಾರಕರಿಗೆ ಅದು ಅವಮರ್ಯಾದೆ ಎನಿಸಿತು. ಎಳೆಗಾರ್ತಿಯರು ಭಿಕ್ಷುಕರಂತೆ ಗಂಟು ಹಿಡಿದು ಹೋಗಬಾರದು, ಮುಂಚಿತವಾಗಿ ತಿಳಿಸಿ ಆಹ್ವಾನದ ಮೇಲೆ ಹೋಗಬೇಕು ಎಂದು ತಿದ್ದುಪಡಿ ತಂದರು. ಆ ಸಭೆಯಲ್ಲಿ ಕೂತವರೆಲ್ಲ ಈ ಸೀಮೆಯಲ್ಲೇ ಹುಟ್ಟಿ ಬೆಳೆದವರು. ಗದಗಿನ ಹೆಂಗಸೊಬ್ಬಳಿಗೆ 'ನಾಳೆ ಊಟಕ್ಕೆ ಬರುತ್ತೇನೆ' ಎಂದು ಹೇಳಿ ಕಳಿಸಿದರೆ ಏನಾಗುತ್ತದೆಂದು ಅವರಲ್ಲಿ ಒಬ್ಬರಿಗೂ ನೆನಪಾಗಲಿಲ್ಲ.

ಆದದ್ದು ಇಷ್ಟು. ಹಸೀನಾ ಊಟಕ್ಕೆ ಬರುತ್ತಾಳೆಂದು ಆಸ್ಪತ್ರೆಯಿಂದ ಎರಡು ದಿನದ ಮಟ್ಟಿಗೆ ಮನೆಗೆ ಬಂದ ಅಕ್ಕ ನನ್ನಿಂದ ಕಡಲೆಬೇಳೆ, ಬೆಲ್ಲ ತರಿಸಿದಳು. ಮರುದಿನ ಹಸೀನಾಳ ತಾಟಿನಲ್ಲಿ ಹೋಳಿಗೆ, ಕಟ್ಟಿನ ಸಾರು, ಎರಡು ಪಲ್ಲೆ, ಅನ್ನ, ಹಪ್ಪಳ ಬಿದ್ದವು. ಆಕೆ ಬಾಯಿ ಚಪ್ಪರಿಸುತ್ತ ಕೇಳಿದಳು, "ದಿನಾ ಹಿಂಗ ಉಣ್ತೀರೇನ್ರಿ ಅವ್ವಾರ?"

"ದಿನಾ ಹೋಳಿಗಿ ಇರೂದಿಲ್ಲವಾ. ಉಳದದ್ದು ಹಿಂಗ" ಎಂದಳು ಅಕ್ಕ, ಇನ್ನೊಂದು ಹೋಳಿಗೆ ಬಡಿಸುತ್ತ.

ಕೂಟ ಇದನ್ನು ನಂಬಿತು. ಎರಡು ಹೊತ್ತು ಹೊಟ್ಟೆ ತುಂಬ ಉಣ್ಣುವವಳಿಗೆ ತಕ್ಕಂತೆ ಸಕ್ಕರೆ ಇಳಿಸುವ ಗುಳಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಎಂದು ಗೊತ್ತುಮಾಡಿ ಅಕ್ಕನನ್ನು ಮನೆ ತುಂಬಿಸಿದರು. ವಾರ ಕಳೆಯುವಷ್ಟರಲ್ಲಿ ಅವಳು ಹಿತ್ತಲಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಳು. ಅವಳ ಮುಂಗೈಯ ಚರ್ಮದಡಿ ಜೋಳದ ಕಾಳಿನಷ್ಟು ಸಣ್ಣ ಯಂತ್ರವಿದೆ, ಕಾವಲುಕಾಳು ಎನ್ನುತ್ತೇವೆ. ಸಕ್ಕರೆ ಇಳಿಯಿತೆಂದು ಅದು ಆಸ್ಪತ್ರೆಗೆ ಕೂಗಿ ಹೇಳಿತು, ಜೀವ ಉಳಿಯಿತು. ಯಾಕೆ ಇಳಿಯಿತೆಂದು ಹೇಳಲು ಕಾಳಿಗೆ ಬರುವುದಿಲ್ಲ. ಡಾಕ್ಟರುಗಳು ತಮಗೆ ತಿಳಿದಂತೆ ಅರ್ಥಮಾಡಿಕೊಂಡರು: ಮುದುಕಿಗೆ ಮರೆವು ಬಂದಿದೆ, ಗುಳಿಗೆಯನ್ನು ಎರಡೆರಡು ಸಲ ನುಂಗುತ್ತಿದ್ದಾಳೆ, ಮನೆಯಲ್ಲಿ ಬಿಡುವಂತಿಲ್ಲ. ಮುಂದಿನ ಕೂಟದಲ್ಲಿ ನೆರಳುಗೋಪುರದ ತೀರ್ಮಾನವೆಂದಾಯಿತು. ಮಂಚದ ಮೇಲಿದ್ದ ಅಕ್ಕ ನನ್ನ ಜೊತೆಗೂ ಮಾತು ಬಿಟ್ಟಳು. ತಮಾಷೆ ಮಾಡದ ದಾನವ್ವನನ್ನು ನಾನು ಅದೇ ಮೊದಲು ನೋಡಿದ್ದು.

ಹಸೀನಾಗೆ ಮಾತ್ರ ಸಮಾಧಾನವಿರಲಿಲ್ಲ. "ಗುಳಿಗಿ ಎಣಿಸಿ ನೋಡೀನ್ರಿ ಕಾಕಾರ, ಹೆಚ್ಚಿಗಿ ನುಂಗಿಲ್ಲ ಅವರು" ಎಂದು ನನ್ನ ಬಳಿ ಹೇಳಿದಳು. ಕೂಟಕ್ಕೆ ಮೊದಲು ಅಕ್ಕನನ್ನು ಇನ್ನೊಮ್ಮೆ ಮನೆಗೆ ಕರೆದುಕೊಂಡು ಹೋಗಲು ಹಟ ಹಿಡಿದು ಅನುಮತಿ ಪಡೆದಳು. ಈ ಸಲ ಮುಂಚಿತವಾಗಿ ಹೇಳಿರಲಿಲ್ಲ, ಅಕ್ಕನನ್ನು ಗಾಡಿಗೆ ಹತ್ತಿಸಿದ ಮೇಲೆಯೇ ಹೇಳಿದ್ದು. ಮನೆಗೆ ಬಂದವಳೇ ಅಡುಗೆಮನೆಯ ನೆಲದ ಮೇಲೆ ಕೂತು, ಒಂದು ಬಟ್ಟೆಯ ಗಂಟು ಬಿಚ್ಚಿ ಖಡಕ್ ರೊಟ್ಟಿ, ಬದನೆಕಾಯಿ ಪಲ್ಲೆ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ ಹರಡಿದಳು.

ಅಕ್ಕನಿಗೆ ಕೆಂಡದಂಥ ಸಿಟ್ಟು. "ಇದೇನವಾ, ನಮ್ಮನ್ಯಾಗ ಕುಂತು ನಿನ್ನ ಬುತ್ತಿ ಬಿಚ್ಚಾಕತ್ತೀ? ದಾನವ್ವನ ಒಲಿ ಆರೇತಿ ಅಂತ ಓಣಿಗೆಲ್ಲ ಸಾರಬೇಕೇನು?"

"ಹೊಲದಾಗ ಬುತ್ತಿ ಬಿಚ್ಚಿದ್ರ ಯಾರು ಬೀಗರು, ಯಾರು ಬಿಜ್ಜರು ಅಂತ ಕೇಳ್ತಾರೇನ್ರಿ? ನಂದು ಇಷ್ಟ ಐತಿ. ನಿಮ್ದು ಏನೈತಿ ಅದನ್ನ ತಗೀರಿ, ಕೂಡಿ ಉಣ್ಣೂಣು."

ಅಕ್ಕನ ಕಣ್ಣು ಆ ರೊಟ್ಟಿಗಳ ಮೇಲೆ ನಿಂತಿತು. ಗುಡ್ಡದ ಮೇಲೆ ಗಾಳಿಯಂತ್ರದ ಬುಡದಲ್ಲಿ ಕೆಲಸದವರೆಲ್ಲ ದುಂಡಗೆ ಕೂತು ಬುತ್ತಿ ಬಿಚ್ಚುತ್ತಿದ್ದುದನ್ನು ಅವಳು ಎಷ್ಟೋ ಸಲ ಹೇಳಿದ್ದಾಳೆ. ಅಲ್ಲಿ ಮುಚ್ಚಿ ಉಂಡವರಿಗೆ ಮಾತ್ರ ಅವಮಾನ, ಒಣ ರೊಟ್ಟಿ ತಂದವರಿಗಲ್ಲ. ಎದುರಿನ ನನ್ನ ಮನೆಯಿಂದ ಒಂದು ಬೋಗುಣಿ ಮಜ್ಜಿಗೆ ತರಿಸಿ, ತನ್ನ ಡಬ್ಬಿಯಿಂದ ಒಂದು ಒಣ ರೊಟ್ಟಿ ತೆಗೆದು ಅದರಲ್ಲಿ ಮುರಿದು ಹಾಕಿ ಕೂತಳು.

"ಇಷ್ಟ. ಮುಂಜಾನಿ ಗಟ್ಟಿ ಉಣ್ತೀನಿ. ಸಂಜಿಗೆ ಇದು. ಒಮ್ಮೊಮ್ಮೆ ಇದೂ ಇಲ್ಲ."

"ಯಾಕ್ರಿ ಅವ್ವಾರ?"

"ಒಬ್ಬಾಕಿ ಸಲುವಾಗಿ ಎಷ್ಟ ಸಲ ಒಲಿ ಹಚ್ಚೂದವಾ."

"ಮತ್ತ ನನ್ನ ಮುಂದ ಹೋಳಿಗಿ ಇಟ್ರಿ."

"ನೀ ಹೇಳಿ ಕಳಿಸಿ ಬಂದಿದ್ದಿ. ಹೇಳಿ ಬಂದವರ ಮುಂದ ಮಜ್ಜಿಗಿ ಇಟ್ರ ನಮ್ಮವ್ವ ಮಣ್ಣಾಗಿಂದ ಎದ್ದು ಬಂದು ಬೈತಾಳ."

"ನಾ ಏನ್ ನಿಮ್ಮ ಬೀಗತಿ ಏನ್ರಿ? ಹೋಳಿಗಿ ಉಂಡ ಹೊಟ್ಟಿಗೆ ಅಂತ ನಾವು ಗುಳಿಗಿ ಕೊಟ್ವಿ. ನೀವು ಅದನ್ನ ಮಜ್ಜಿಗಿ ಮ್ಯಾಲೆ ನುಂಗೀರಿ. ಬೀಳದ ಏನ್ಮಾಡ್ತೀರಿ?" ಹೀಗೆ ಹೇಳಿ ಹಸೀನಾ ನಕ್ಕಳು, ಅವಳ ಕಣ್ಣಲ್ಲಿ ನೀರಿತ್ತು. ಅಕ್ಕ ಆಕೆಯ ಬದನೆಕಾಯಿಯನ್ನು ಎಳೆದುಕೊಂಡು, ಉಪ್ಪು ಕಡಿಮೆ ಎಂದು ದೂರಿದಳು.

ಕೂಟದಲ್ಲಿ ಹಸೀನಾ ನಡೆದದ್ದನ್ನೆಲ್ಲ ಹೇಳಿದಳು. ಹಿರಿಯ ಡಾಕ್ಟರೊಬ್ಬರು ಅಕ್ಕನ ಕಡೆ ತಿರುಗಿ, ಇದನ್ನು ಮೊದಲೇ ಹೇಳಬಹುದಿತ್ತಲ್ಲ ಎಂದರು. "ಹೇಳೂವಂಗ ನೀವು ಕೇಳಬಹುದಿತ್ತಲ್ರಿ" ಎಂದಳು ಅಕ್ಕ. ಯಾರೂ ಸಿಟ್ಟಾಗಲಿಲ್ಲ. ಸಂಜೆಯ ಗುಳಿಗೆ ನಿಂತಿತು. ಹೆಂಡತಿ ತೀರಿಕೊಂಡ ಮೇಲೆ ನಾನೂ ಒಬ್ಬನೇ ಏನೋ ಒಂದು ತಿಂದು ಮಲಗುವವನೆಂದು ಹಸೀನಾ ಅಷ್ಟರಲ್ಲಿ ಪತ್ತೆಮಾಡಿದ್ದಳು. ಸಂಜೆ ಇಬ್ಬರಿಗೂ ಅಕ್ಕನ ಮನೆಯಲ್ಲೇ ಒಲೆ ಹಚ್ಚಬೇಕು, ಕಾಯಿಪಲ್ಲೆ ಹೆಚ್ಚುವುದು ನನ್ನ ಕೆಲಸ ಎಂದು ಅದನ್ನೂ ಔಷಧಗಳ ಜೊತೆ ಗೊತ್ತುಮಾಡಿದರು. ನೆರಳುಗೋಪುರದ ಮಾತು ಅಲ್ಲಿಗೆ ಮುಗಿಯಿತು. ಎರಡನೇ ಸಲ ಮನೆ ತುಂಬಿಸುವಾಗ ಓಣಿಯ ಹೆಂಗಸರು ಹೊಸ್ತಿಲ ಮೇಲೆ ಅಕ್ಕಿಯ ಸೇರು ಇಟ್ಟು ಆರತಿ ಎತ್ತಿದರು. ಅಕ್ಕ ಸೇರನ್ನು ಒದೆಯುತ್ತ, "ಮತ್ತೊಮ್ಮೆ ಮದಿವಿ ಆದಂಗಾತು, ಗಂಡ ಒಬ್ಬ ಕಡಿಮಿ" ಎಂದಳು.

ಈ ವರ್ಷ ನಗರಸಭೆಗೆ ನಾನು ಬರೆದ ಪತ್ರಗಳು ಎಷ್ಟು ಖಾರವಾಗಿದ್ದವೆಂದು ನಿಮಗೆ ಹೇಳಬೇಕಾಗಿಲ್ಲ. ತಿದ್ದುಪಡಿ ಹೋಯಿತು, ಎಳೆಗಾರ್ತಿಯರು ಮತ್ತೆ ಹೇಳದೆ ಬರುತ್ತಾರೆ. ಅದಕ್ಕೆ ನನ್ನನ್ನು ಹೊಗಳಿದವರಿದ್ದಾರೆ. ಹೊಗಳಿಕೆ ಸೇರಬೇಕಾದದ್ದು ನಿಮಗೆ. ಯಾರೂ ಕೇಳದಿದ್ದ ಕಾಲದಲ್ಲಿ ಮಂಚದ ಪಕ್ಕ ಕೂತು ಕೇಳಿದವರು ನೀವು. ನಿಮ್ಮ ಮೇಲಿನವರು ನಿಮ್ಮನ್ನು ಖರ್ಚಿನ ಬಾಬತ್ತು ಎಂದುಕೊಂಡರು, ಡಾಕ್ಟರುಗಳು ಅಡ್ಡಬರುವವರೆಂದುಕೊಂಡರು, ರೋಗಿಗಳ ಕಡೆಯವರು ಬಿಲ್ಲು ಕೇಳಲು ಬಂದವರೆಂದುಕೊಂಡರು. ಆದರೂ ನೀವು ಮರುದಿನ ಮತ್ತೆ ಬಂದಿರಿ. ಹಾಗೆ ಬಂದದ್ದಕ್ಕೆ ನನ್ನ ಕೃತಜ್ಞತೆ.

ಒಂದೇ ಒಂದು ಕೋರಿಕೆ ಇದೆ, ಅದೂ ನಿಮ್ಮಲ್ಲಲ್ಲ, ನಿಮ್ಮ ಎದುರು ಕೂರುವವರಲ್ಲಿ. ದಯವಿಟ್ಟು ಅವರಿಗೆ ತಲುಪಿಸಿ. ಆಸ್ಪತ್ರೆಯಲ್ಲಿ ಯಾರಾದರೂ ಪಕ್ಕದಲ್ಲಿ ಕೂತು, ಮನೆಯಲ್ಲಿ ಯಾರಿದ್ದೀರಿ, ರಾತ್ರಿ ಏನು ಉಂಡಿರಿ, ಗುಳಿಗೆ ತಪ್ಪಿಸಿದ್ದೀರಾ ಎಂದು ಕೇಳಿದರೆ, ಮರ್ಯಾದೆ ಕಾಪಾಡಿಕೊಳ್ಳಲು ಹೋಗಬೇಡಿ. ಒಬ್ಬರೇ ಇದ್ದರೆ ಒಬ್ಬರೇ ಎನ್ನಿ. ಉಣ್ಣದಿದ್ದರೆ ಉಣ್ಣಲಿಲ್ಲ ಎನ್ನಿ. ನಿಮ್ಮನ್ನು ನಿಮ್ಮ ಮನೆಗೆ ಮುಟ್ಟಿಸಬೇಕೆಂದೇ ಅವರು ಕೇಳುತ್ತಿರುವುದು, ದಾರಿ ನಿಮ್ಮ ಬಾಯಲ್ಲಿದೆ.

ಹೊತ್ತು ಇಳಿಯಿತು. ಅಕ್ಕ ಕಿಟಕಿಯಿಂದ ನೋಡುತ್ತಿದ್ದಾಳೆ, ನಾನಿನ್ನೂ ಕಾಯಿಪಲ್ಲೆ ಹೆಚ್ಚಿಲ್ಲ. ಬರುತ್ತೇನೆ ತಾಯಿ.

ನಿಮ್ಮ,
ಶಿವಯೋಗಿ ಹೊಂಬಳ