ಬೆನ್ನು ತಿರುಗಿಸಿ ಕೂತವರು

ಜುಲೈ 11, ಗುರುವಾರ

ದರ್ಗಾದಿಂದ ಈಗ ಬಂದೆ. ಗುರುವಾರದ ಹಾಡು. ದಫ್ ಬಡಿದು ಬಡಿದು ಅಂಗೈ ಚುರುಚುರು ಅಂತಿದೆ. ಬಯ್ಯಾ ಹರಟೆಯಲ್ಲಿ ಝಗ್ರೂತ ಹಾಕೋದೇ ಮರೆತಳು. ದರ್ಗಾದ ಗೋರಿಯಲ್ಲಿ ಮಲಗಿರೋ ಪುಣ್ಯವತಿ ಲಲ್ಲಾ ಯಾಕೂತಾಳ ಹೆಸರು ಬಂದಲ್ಲಿ ಹಾಡುವವಳು ನಿಲ್ಲಿಸ್ತಾಳೆ, ನಾವೆಲ್ಲ ನಾಲಿಗೆ ಕುಣಿಸಿ ಕೂಗಬೇಕು, ಅದೇ ಝಗ್ರೂತ. ಕೂಗು ಬರದಿದ್ದರೆ ಹಾಡಿದವಳಿಗೆ ಕೇಡು. ಮುದುಕಿ ಮಬ್ರೂಕಾ ಕೆಂಡವಾದಳು. "ಬಾಯಲ್ಲೇನು ಖರ್ಜೂರ ಇಟ್ಕೊಂಡಿದ್ದೀಯೇನೇ? ಹಾಡಿದ ಹುಡುಗಿ ಗತಿ ಏನು?"

ಆಮೇಲೆ ಎಲ್ಲರದ್ದೂ ಒಂದೇ ಗುಸುಗುಸು. ಬೇಸಿಗೆ ಉತ್ಸವಕ್ಕೆ ತೂನಿಸ್‌ನಿಂದ ನಾಟಕ ಬರ್ತಿದೆ. ದರ್ಗಾದ ಅಂಗಳದಲ್ಲೇ ಆಡ್ತಾರಂತೆ. ಲಲ್ಲಾ ಯಾಕೂತಾ ನಾವಿಕರ ಜೊತೆ ಕುಡಿದು ಕುಣಿಯೋ ದೃಶ್ಯ... ಅದೂ ಗೋರಿಯ ಕಟ್ಟೆ ಹತ್ತಿ!

ಯಾಕೂತಾ ಯಾರು ಆಗ್ತಾರೆ ಅಂತ ಕೇಳಿದೆ. ಎಲ್ಲರೂ ಚಪ್ಪಲಿ ಹುಡುಕೋಕೆ ಶುರು ಮಾಡಿದರು. ಬರುವಾಗ ಫಾರ್ಮಸಿ ಗೋಡೆ ಮೇಲೆ ಪೋಸ್ಟರ್ ನೋಡಿದೆ. ನನ್ನ ಮಗಳು. ಒಲ್ಫಾ.

ಜುಲೈ 12, ಶುಕ್ರವಾರ

ಗೋರಿ ಮೇಲೆ ಕುಣಿಯೋದು ಬೇಡ ಅಂತ ಹೇಳೋಕೆ ಉತ್ಸವದ ಆಫೀಸಿಗೆ ಹೋದ್ವಿ. ಎಸಿ ರೂಮಲ್ಲಿ ಕೂತ ಹುಡುಗ ಹೇಳ್ತಾನೆ — "ಕಲೆ ಅಂದ್ರೆ ಹಾಗೇ ಹಾಜ್ಜಾ, ನಿಮಗೆ ಅರ್ಥ ಆಗಲ್ಲ." ನಾನಿನ್ನೂ ಹಜ್ಜಿಗೆ ಹೋಗಿಲ್ಲ ಕಣಪ್ಪ, ಮೊದಲು ಅದು ಅರ್ಥ ಮಾಡ್ಕೋ ಅಂದೆ.

ಸಂಜೆ ನಮ್ಮ ಮನೇಲಿ ಹೆಂಗಸರೆಲ್ಲ ಸೇರಿದರು. ಬಯ್ಯಾಳ ಗಂಡ ಬಾಗಿಲಲ್ಲಿ ನಿಂತು ಕುರ್ಚಿಗಳಿಗೆ ಬೆಂಕಿ ಇಡೋಣ ಅಂದ. ಕೈ ಮುರೀತೀನಿ, ಆಚೆ ನಡಿ ಅಂದೆ. ಲಲ್ಲಾಳ ಅಂಗಳದಲ್ಲಿ ಹೊಡೆದಾಟ ಆದ್ರೆ ಅವರಿಗೂ ನಮಗೂ ಏನು ವ್ಯತ್ಯಾಸ?

ತೀರ್ಮಾನ ನನ್ನದೇ. ಮೈತುಂಬ ಬಿಳಿ ಸಫ್ಸಾರಿ ಹೊದ್ದು ಮುಂದಿನ ಸಾಲಲ್ಲಿ ಕೂರೋದು. ನಾಟಕಕ್ಕೆ ಬೆನ್ನು ತಿರುಗಿಸಿ. ಕೊನೇ ತನಕ ಯಾರೂ ತುಟಿ ಬಿಚ್ಚಬಾರದು. ಕೆಮ್ಮು ಬಂದ್ರೂ ನುಂಗ್ಕೊಳ್ಳಿ ಅಂದೆ.

ಎಲ್ಲರೂ ಹೂಂ ಅಂದ್ರು. ಹೋಗುವಾಗ ಮಬ್ರೂಕಾ ನನ್ನ ಗಲ್ಲ ಮುಟ್ಟಿ, "ನಝೀಹಾ, ನಿನ್ನ ಕೈಲಾಗುತ್ತಾ?" ಅಂತ ಕೇಳಿದಳು. ಆಗದೇ ಏನು!

ಜುಲೈ 18, ಗುರುವಾರ

ಒಲ್ಫಾ ಫೋನ್. ರಂಝಾನ್ ಆದಮೇಲೆ ಇವತ್ತೇ.

"ಅಮ್ಮ, ನೀನೂ ಕೂರ್ತೀಯಂತೆ? ನನಗೆ ಬೆನ್ನು ಹಾಕಿ?"

"ನಿನಗಲ್ಲ. ನಾಟಕಕ್ಕೆ."

"ಎರಡೂ ಒಂದೇ. ಯಾಕೂತಾ ಗಂಡನ ಏಟು ತಾಳದೆ ಓಡಿಬಂದವಳು ಅಮ್ಮ. ಬಂದರಲ್ಲಿ ದುಡಿದು ತಿಂದವಳು. ನೀವು ಹಸಿರು ಬಟ್ಟೆ ಹೊದಿಸಿ ಸುಮ್ಮನಾಗಿಸಿದ್ದೀರಿ."

"ಓಡಿಬಂದವಳು ಅಂತ ನನಗೂ ಗೊತ್ತು. ಅದಕ್ಕೇ ತಾನೇ ನಾವೆಲ್ಲ ಅವಳ ಹತ್ರ ಹೋಗಿ ಅಳೋದು? ಕುಣಿಯೋದಾದ್ರೆ ಥಿಯೇಟರಲ್ಲಿ ಕುಣಿ. ಅವಳ ಎದೆ ಮೇಲೆ ಯಾಕೆ?"

"ನೀನು ಬೆನ್ನು ಹಾಕಿದ್ರೆ ನಾನು ಮತ್ತೆ ಆ ಮನೆಗೆ ಬರಲ್ಲ." ಕಟ್.

ಮೊಟ್ಟೆ ತುಂಬಿದ ಬ್ರಿಕ್ ಕರಿಯೋಕೆ ಎಣ್ಣೆ ಇಟ್ಟಿದ್ದೆ. ಹೊಗೆ ಬಂದಮೇಲೇ ನೋಡಿದ್ದು. ನನಗೂ ಹಠ ಇದೆ. ಅವಳು ನನ್ನದೇ ಮಗಳು.

ಜುಲೈ 26, ಶುಕ್ರವಾರ. ಮಧ್ಯಾಹ್ನ

ಸಫ್ಸಾರಿ ಇಸ್ತ್ರಿ ಆಯ್ತು. ಮತ್ತೆ ಮಾಡಿದೆ. ತಂಡ ನಿನ್ನೆಯೇ ಬಂದಿದೆ, ಹೋಟೆಲಲ್ಲಿದೆ. ಅಮ್ಮನ ಮನೆ ಎರಡು ಬೀದಿ ಆಚೆ, ಇವಳು ಹೋಟೆಲಲ್ಲಿ. ಊಟ ಸೇರ್ತಿಲ್ಲ. ಕೂತರೆ ನಿಲ್ಲಬೇಕು ಅನ್ಸುತ್ತೆ, ನಿಂತರೆ... ಥೂ.

ಜುಲೈ 27, ಶನಿವಾರ. ಬೆಳಿಗ್ಗೆ

ಹೇಗೆ ಬರೀಲಿ.

ನಿನ್ನೆ ರಾತ್ರಿ ಹೋಗಿ ಕೂತಿದ್ವಿ. ಬೆನ್ನು ತಿರುಗಿಸಿ, ನಾನು ನಡುವೆ. ಪೊಲೀಸರು ಬಾಗಿಲಲ್ಲಿ ಆಕಳಿಸ್ತಿದ್ರು. ಹಿಂದೆ ನಾಟಕ. ನಾವಿಕರ ಕೂಗಾಟ, ಬಾಟಲಿ ಸದ್ದು, ಕಟ್ಟೆ ಮೇಲೆ ಹೆಜ್ಜೆ ಸದ್ದು. ಬಯ್ಯಾ ಅಳ್ತಿದ್ದಳು, ಆದರೂ ತುಟಿ ಬಿಚ್ಚಲಿಲ್ಲ. ನನಗೆ ಹೆಮ್ಮೆ. ನಮ್ಮ ಹೆಂಗಸರು!

ಆಗ ಒಲ್ಫಾ ಹಾಡು ಎತ್ತಿದಳು. ಲಲ್ಲಾಳ ಹಾಡು, ನಮ್ಮ ಗುರುವಾರದ್ದು. ಮೈಕ್ ಇಲ್ಲದೆ, ನನ್ನ ಅಮ್ಮ ಹಾಡ್ತಿದ್ದ ಹಾಗೇ ಎಳೆದು ಎಳೆದು. ಹೆಸರು ಬಂತು. ನಿಲ್ಲಿಸಿದಳು.

ಯಾರೂ ಕೂಗಲಿಲ್ಲ. ತುಟಿ ಬಿಚ್ಚಬೇಡಿ ಅಂದಿದ್ದೆನಲ್ಲ.

ಅವಳೂ ಮುಂದಕ್ಕೆ ಹೋಗಲಿಲ್ಲ. ನನ್ನ ಮಗಳು, ಲಲ್ಲಾಳ ಹೆಸರು ಹೇಳಿ, ಕೂಗಿಲ್ಲದೆ ಬರಿದೇ ನಿಂತಿದ್ದಾಳೆ. ಕೇಡು ಅವಳ ತಲೆ ಮೇಲೆ. ನಾಲಿಗೆ ನನ್ನ ಮಾತು ಕೇಳಲೇ ಇಲ್ಲ. ಬಂದುಬಿಡ್ತು ಝಗ್ರೂತ. ನನ್ನ ಬಾಯಿಂದಲೇ! ಬೆನ್ನು ತಿರುಗಿಸಿಕೊಂಡೇ.

ಒಬ್ಬಳು ಶುರು ಮಾಡಿದ ಮೇಲೆ ಯಾರು ತಡೀತಾರೆ? ಸಾಲಿಗೆ ಸಾಲೇ ಕೂಗಿತು. ಜನ ಎದ್ದು ಚಪ್ಪಾಳೆ.

ಬೆಳಿಗ್ಗೆ ರೇಡಿಯೋದಲ್ಲಿ — "ಸ್ಥಳೀಯ ಮಹಿಳೆಯರು ಹರ್ಷೋದ್ಗಾರದಿಂದ ನಾಟಕವನ್ನು ಹರಸಿದರು." ಬಯ್ಯಾ ಬಂದು ಬಾಗಿಲಲ್ಲೇ ನಿಂತು ಬೈದಳು. "ನಮ್ಮೆಲ್ಲರ ಮಾನ ಕಳೆದೆ ಕಣೇ! ಇವತ್ತು ಎರಡನೇ ಆಟ. ಬಾಯಿಗೆ ಬಟ್ಟೆ ತುರುಕ್ಕೊಂಡು ಬಾ, ಇಲ್ಲಾ ಬರಲೇಬೇಡ." ಮಬ್ರೂಕಾಳನ್ನು ಕೇಳಿದರೆ, ನಾನು ಕೂಗಲಿಲ್ಲಮ್ಮ, ಆಕಳಿಸ್ತಿದ್ದೆ ಅಂತಾಳೆ. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಅವಳೇ.

ಅದೇ ದಿನ, ಮಧ್ಯಾಹ್ನ

ಒಲ್ಫಾ ಬಂದಿದ್ದಳು! ಅಡುಗೆಮನೆಗೇ ನೇರ ಬಂದಳು. ಹಾರಿಸ್ಸಾ ಖಾರದ ಜೊತೆ ಬರೀ ರೊಟ್ಟಿ ತಿಂದಳು, ನಿಂತುಕೊಂಡೇ. ಸೊರಗಿದ್ದಾಳೆ.

"ಅದು ನೀನೇ ಅಂತ ಗೊತ್ತಾಯ್ತು ಅಮ್ಮ. ಕೂಗು ಕೇಳಿದ ಕೂಡಲೇ."

"ಬಾಯಿ ತಪ್ಪಿ ಬಂತು."

"ಗೊತ್ತು. ನಾಟಕದಲ್ಲಿ ಅಲ್ಲಿ ನಿಲ್ಲಿಸೋದು ಇಲ್ಲ. ನಾನೂ ಬಾಯಿ ತಪ್ಪಿ ನಿಲ್ಲಿಸಿದ್ದು. ನಿಂತ ಮೇಲೆ ಭಯ ಆಯ್ತು." ನಕ್ಕಳು. ಆಮೇಲೆ ಮುಖ ನೋಡದೆ, "ರೇಡಿಯೋ ಕೇಳಿದೆ. ಇವತ್ತು ನಿಲ್ಲಿಸಲ್ಲ. ಹಾಗೇ ಹಾಡಿ ಮುಗಿಸ್ತೀನಿ. ನಿನ್ನ ಜನರ ಮುಂದೆ ನಿನಗೆ ಅವಮಾನ ಬೇಡ."

ನನ್ನ ಬಾಯಿಂದ ಬಂದಿದ್ದು ಒಂದೇ — "ಒಳ್ಳೇದಾಯ್ತು." ಕೆನ್ನೆಗೆ ಮುತ್ತು ಕೊಟ್ಟು ಹೋದಳು.

ಸಂಜೆ

ಒಳ್ಳೇದಾಯ್ತಂತೆ! ಎಂಥ ಮಾತಾಡಿದೆ ನಾನು. ನಿಲ್ಲಿಸದೆ ಹಾಡೋದು ಅಂದ್ರೆ ಕೂಗೇ ಬೇಡ ಅಂದ ಹಾಗೆ. ಅಮ್ಮನ ಹರಕೆ ಬೇಡ ಅಂದ ಹಾಗೆ. ನನಗೋಸ್ಕರ ಆ ಕೇಡನ್ನ ತಾನೇ ಹೊತ್ಕೋತಾಳಂತೆ, ಹುಚ್ಚು ಹುಡುಗಿ. ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ.

ಬಯ್ಯಾ ಬೀದಿಯಿಂದ ಕೂಗ್ತಿದ್ದಾಳೆ. ಹೋಗ್ತೀನಿ. ಬೆನ್ನು ತಿರುಗಿಸೇ ಕೂರ್ತೀನಿ, ಆ ಕಟ್ಟೆ ಮೇಲೆ ಕುಣಿಯೋದು ಇವತ್ತೂ ತಪ್ಪೇ. ಬೈಯ್ಯಲಿ, ದಫ್ ಕಿತ್ಕೊಳ್ಳಲಿ. ಹೆಸರು ಬಂದಾಗ ಅವಳು ನಿಲ್ಲಿಸಲಿ ಬಿಡಲಿ, ಅವಳ ದನಿ ಮೇಲೇ ನಾನು ಝಗ್ರೂತ ಹಾಕ್ತೀನಿ.