ಹದಿನಾಲ್ಕನೆಯ ಪ್ರಶ್ನೆಗೆ ತಿದ್ದುಪಡಿ

ಡಾಕ್ಟರೇ,

ನಿಮ್ಮ ಸಂಶೋಧನೆಯ ಪ್ರಶ್ನಾವಳಿಯಲ್ಲಿ ‘ಮಗು ತನಗಿಷ್ಟವಾದದ್ದನ್ನು ನಿಮಗೆ ತಂದು ತೋರಿಸುತ್ತದೆಯೇ?’ ಎಂಬ ಹದಿನಾಲ್ಕನೆಯ ಪ್ರಶ್ನೆಗೆ ನಾನು ‘ಇಲ್ಲ’ ಎಂದು ಬರೆದಿದ್ದೆ. ಇನ್ನೂ ಮಾತಾಡದ ನನ್ನ ನಾಲ್ಕು ವರ್ಷದ ಮಗಳು ದಿನಾ ನನ್ನ ಷೂ ಒಳಗೆ ಬಟ್ಟೆ ಕ್ಲಿಪ್ಪೊಂದನ್ನು ಇಡುತ್ತಾಳೆ. ಕಾಲಿಗೆ ಚುಚ್ಚಿದಾಗಲೆಲ್ಲ ಗದರಿದ್ದೇನೆ. ನಿನ್ನೆ ಅತ್ತೆ ನಕ್ಕರು: “ಇಷ್ಟೆಲ್ಲ ಓದಿದೀಯ, ಪೆದ್ದಿ! ಕೆಂಪು ಬಿಟ್ಟು ಬೇರೆ ಬಣ್ಣದ್ದು ಇಟ್ಟಿದಾಳಾ? ಅವಳಿಗೆ ಇಷ್ಟವಾದದ್ದನ್ನೇ ನಿನಗೆ ತಂದುಕೊಡ್ತಿದಾಳೆ ಕಣೇ.”

ದಯವಿಟ್ಟು ಉತ್ತರವನ್ನು ‘ಹೌದು’ ಎಂದು ತಿದ್ದಿ. ಅಂಕ ಬದಲಾದರೆ ನಿಮ್ಮ ಅಧ್ಯಯನದಲ್ಲಿ ಅವಳಿಗೆ ಸಿಕ್ಕಿದ ಚಿಕಿತ್ಸೆ ತಪ್ಪಬಹುದು, ಗೊತ್ತು. ಆದರೂ ಅವಳು ಮಾಡಿದ್ದನ್ನು ಮಾಡಿಲ್ಲವೆಂದು ನಾನು ಹೇಳಲಾರೆ.

ಸೋಮವಾರ ಕಾಲರಿಗೆ ಆ ಕ್ಲಿಪ್ ಸಿಕ್ಕಿಸಿಕೊಂಡೇ ಬರುತ್ತೇನೆ. ನಗಬೇಡಿ.

ಇಂತಿ,
ನಿಮ್ಮ ಪಟ್ಟಿಯ ಮೂವತ್ತೊಂದನೆಯ ಮಗುವಿನ ಅಮ್ಮ